ಉಗ್ರಾಣದ ಬೀಗದ ಕೈ

ಹೈಸ್ಕೂಲು ಮುಗಿಯುವವರೆಗೆ ಮಕ್ಕಳ ದಿನಚರಿಯನ್ನು ನಡೆಸುವವರು ಬೇರೆಯವರು. ಬೆಳಿಗ್ಗೆ ಎಬ್ಬಿಸುವವಳು ತಾಯಿ. ಫೀಸು ಕಟ್ಟುವವನು ತಂದೆ. ಯಾವಾಗ ಓದಬೇಕು, ಯಾವಾಗ ಆಡಬೇಕು ಎಂಬುದನ್ನು ತಿಳಿಸುವುದು ಶಾಲೆಯ ಗಂಟೆ. ಅಂಗಿಯ ಬಣ್ಣವನ್ನು ಕೂಡ ಶಾಲೆಯೇ ಗೊತ್ತುಮಾಡಿರುತ್ತದೆ. ಕಾಲೇಜಿನ ಬಾಗಿಲನ್ನು ದಾಟಿದೊಡನೆಯೇ ಈ ಕಟ್ಟುಗಳಲ್ಲಿ ಬಹುಪಾಲು ಸಡಿಲವಾಗುತ್ತವೆ. ಒಂದು ತರಗತಿಗೂ ಮತ್ತೊಂದು ತರಗತಿಗೂ ನಡುವೆ ಒಂದೆರಡು ಗಂಟೆಗಳ ಬಿಡುವು. ಆ ಬಿಡುವಿನಲ್ಲಿ ಎಲ್ಲಿದ್ದೆ ಎಂದು ಕೇಳುವವರಿಲ್ಲ. ಹೀಗೆ ಕೇಳುವವರಿಲ್ಲದ ಸ್ಥಿತಿಯನ್ನೇ ಹೊಸ ವಿದ್ಯಾರ್ಥಿ ಸ್ವಾತಂತ್ರ್ಯವೆಂದು ಭಾವಿಸುವುದುಂಟು. ಮಧ್ಯಾಹ್ನದ ಪಾಠವನ್ನು ಬಿಟ್ಟು ಸಿನಿಮಾಕ್ಕೆ ಹೋಗಿ ಬಂದವನು ತಾನು ದೊಡ್ಡವನಾದೆನೆಂದು ಬೀಗುತ್ತಾನೆ. ಆದರೆ ಅದೇ ಸಂಜೆ ಅವನ ಅಂಗಿಯ ಗುಂಡಿ ಕಿತ್ತುಹೋದರೆ, ಅದನ್ನು ಹೊಲಿದುಕೊಳ್ಳಲು ಬಾರದೆ, ಊರಿಗೆ ಹೋಗುವ ಶನಿವಾರದ ಬಸ್ಸನ್ನು ಕಾಯುತ್ತಾನೆ. ಕಾವಲಿಲ್ಲದಿರುವುದು ಬೇರೆ, ತನ್ನ ಕಾಲ ಮೇಲೆ ತಾನು ನಿಲ್ಲುವುದು ಬೇರೆ. ಮೊದಲನೆಯದು ಕಾಲೇಜು ಸೇರಿದ ದಿನವೇ ದೊರೆಯುತ್ತದೆ. ಎರಡನೆಯದಕ್ಕೆ ಕಾಲ ಹಿಡಿಯುತ್ತದೆ. ಕೆಲವರಿಗೆ ಪದವಿ ದೊರೆತ ಮೇಲೂ ಅದು ದೊರೆಯುವುದಿಲ್ಲ.

ಹಿಂದಿನ ತಲೆಮಾರುಗಳ ಬಡ ವಿದ್ಯಾರ್ಥಿಗಳನ್ನು ಮನೆಯ ಆಶ್ರಯದಿಂದ ಹೊರಕ್ಕೆ ತಳ್ಳುತ್ತಿದ್ದುದು ಬಡತನ. ಮೈಸೂರು, ಬೆಂಗಳೂರು, ಧಾರವಾಡಗಳಂಥ ಊರುಗಳಿಗೆ ಓದಲು ಬಂದ ಹುಡುಗರಲ್ಲಿ ಎಷ್ಟೋ ಮಂದಿ ವಾರಾನ್ನವನ್ನು ನೆಚ್ಚಿಕೊಂಡಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣಬೇಕು. ಒಂದು ಮನೆಯಲ್ಲಿ ಮೈಲಿಗೆಯೆಂದೋ ಯಜಮಾನರು ಪರಸ್ಥಳಕ್ಕೆ ಹೋಗಿದ್ದಾರೆಂದೋ ಬಾಗಿಲು ಮುಚ್ಚಿದರೆ ಆ ದಿನ ತಣ್ಣೀರೇ ಗತಿ. ಆ ಬಾಗಿಲುಗಳಾದರೂ ಎಲ್ಲ ಜಾತಿಯ ಹುಡುಗರಿಗೆ ತೆರೆದಿರಲಿಲ್ಲ. ಹುಡುಗಿಯರಿಗಂತೂ ಆ ಮಾತೇ ಇರಲಿಲ್ಲ. ಮುಂದೆ ಮಠಗಳು, ಸಮುದಾಯಗಳು, ದಾನಿಗಳು, ಕಡೆಗೆ ಸರ್ಕಾರವೂ ವಿದ್ಯಾರ್ಥಿನಿಲಯಗಳನ್ನು ತೆರೆದ ಮೇಲೆ ಸಾವಿರಾರು ಮಕ್ಕಳಿಗೆ ಅನ್ನವೂ ವಿದ್ಯೆಯೂ ಒಂದೇ ಸೂರಿನಡಿಯಲ್ಲಿ ದೊರೆಯುವಂತಾಯಿತು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹವನ್ನು ಈ ನಾಡಿನಲ್ಲಿ ತಿಳಿಯದವರು ವಿರಳ. ವಾರಾನ್ನದ ಕಾಲವನ್ನು ಕೆಲವು ಹಿರಿಯರು ಈಗ ಹೊಗಳಿ ಹೇಳುವುದುಂಟು. ಅದು ಸಹನೆಯನ್ನು ಕಲಿಸಿತೆಂಬುದು ನಿಜ. ಆದರೆ ಮತ್ತೊಬ್ಬರ ಕೃಪೆಯಲ್ಲಿ ಉಣ್ಣುವ ಹುಡುಗ ತನ್ನ ದನಿಯನ್ನು ತಗ್ಗಿಸಿಯೇ ಮಾತನಾಡಬೇಕಾಗಿತ್ತು. ಆ ತಗ್ಗಿದ ದನಿಯನ್ನು ಸ್ವಾವಲಂಬನೆಯೆಂದು ಕರೆಯುವುದು ಕಷ್ಟ.

ವಿದ್ಯಾರ್ಥಿನಿಲಯಗಳಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. ಅನೇಕ ಕಡೆ ಊಟದ ವ್ಯವಸ್ಥೆಯನ್ನು ವಿದ್ಯಾರ್ಥಿಗಳೇ ನೋಡಿಕೊಳ್ಳುತ್ತಿದ್ದರು. ತಮ್ಮಲ್ಲೇ ಒಬ್ಬನನ್ನು ಕಾರ್ಯದರ್ಶಿಯನ್ನಾಗಿ ಆರಿಸಿ, ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಉಂಡವರ ಲೆಕ್ಕಕ್ಕೆ ಹಂಚುತ್ತಿದ್ದರು. ಕಾರ್ಯದರ್ಶಿಯಾದವನು ಬೆಳಗಿನ ಜಾವಕ್ಕೆದ್ದು ಮಾರುಕಟ್ಟೆಗೆ ಹೋಗಿ ಬದನೆಕಾಯಿಗೆ ಚೌಕಾಸಿ ಮಾಡಬೇಕು. ಸಾರು ನೀರಾದರೆ ಬೈಗುಳ ಅವನಿಗೆ. ಬಿಲ್ಲು ಹೆಚ್ಚಾದರೂ ಬೈಗುಳ ಅವನಿಗೇ. ಗಣಿತದಲ್ಲಿ ಪ್ರಥಮನಾದ ಹುಡುಗ ಕೂಡ ಆ ಒಂದು ತಿಂಗಳಲ್ಲಿ ಕಲಿತ ಲೆಕ್ಕ ಬೇರೆಯದು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಂಟಿಯಾಗಿ ಒಂದು ಕೋಣೆಯಲ್ಲಿದ್ದು, ತನ್ನ ಬಟ್ಟೆಯನ್ನು ತಾನು ಒಗೆದುಕೊಂಡು, ತನ್ನ ಅನ್ನವನ್ನು ತಾನು ಬೇಯಿಸಿಕೊಂಡು ಕಲಿಯುವ ಸ್ವಾವಲಂಬನೆ ಅರ್ಧಮಟ್ಟಿನದು. ಅನ್ನ ಸೀದುಹೋದರೆ ಉಪವಾಸವಿರುವವನು ಅವನೊಬ್ಬನೇ. ತನ್ನನ್ನು ನಂಬಿ 50 ಮಂದಿ ಎಲೆ ಹಾಕಿಕೊಂಡು ಕುಳಿತಿರುವಾಗ ಅನ್ನ ಸೀಯದಂತೆ ನೋಡಿಕೊಳ್ಳುವುದೇ ಉಳಿದರ್ಧ. ತನ್ನ ಕಾಲ ಮೇಲೆ ತಾನು ನಿಂತಿದ್ದೇನೆಯೇ ಎಂಬುದು ಇತರರು ತನ್ನ ಹೆಗಲಿಗೆ ಒರಗಿದಾಗಲೇ ಗೊತ್ತಾಗುವುದು.

ಕಾಲೇಜುಗಳ ಸಂಘಗಳು ಮಾಡಿದ ಕೆಲಸವೂ ಇದೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಅಂಗವಾಯಿತು. ಆಗ ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ವಿದ್ಯಾವಂತರು ತಮ್ಮತಮ್ಮಲ್ಲಿ ಕನ್ನಡದಲ್ಲಿ ಗಂಭೀರ ವಿಷಯಗಳನ್ನು ಮಾತನಾಡಲು ನಾಚುತ್ತಿದ್ದ ಕಾಲ. ಆ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವೆಂಬ ಪತ್ರಿಕೆ ಹೊರಟಿತು. ಅದನ್ನು ಕಟ್ಟಿ ಬೆಳೆಸಿದವರು ಎ. ಆರ್. ಕೃಷ್ಣಶಾಸ್ತ್ರಿಗಳು. ಅದು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಬಹುಕಾಲ ನಡೆಯಿತು. ಸಂಘದ ಸಭೆಯಲ್ಲಿ ಎದ್ದುನಿಂತು ತಾಯ್ನುಡಿಯಲ್ಲಿ ನಾಲ್ಕು ಮಾತನಾಡಿದ ಹುಡುಗನಿಗೆ, ಪಠ್ಯಪುಸ್ತಕದ ವಾಕ್ಯವನ್ನು ಒಪ್ಪಿಸುವುದಕ್ಕೂ ತನ್ನ ವಾಕ್ಯವನ್ನು ತಾನು ಕಟ್ಟುವುದಕ್ಕೂ ಇರುವ ಅಂತರ ತಿಳಿಯುತ್ತಿತ್ತು. ಈಗಲೂ ಒಂದು ಭಿತ್ತಿಪತ್ರಿಕೆಯಾಗಲಿ, ಒಂದು ನಾಟಕ ತಂಡವಾಗಲಿ ಆ ಕೆಲಸವನ್ನು ಮಾಡಬಲ್ಲುದು.

ಆದರೆ ಮಾತಿನ ಸಂಘಗಳಿಗೆ ಒಂದು ಮಿತಿಯಿದೆ. ಅವು ಕಾಲೇಜಿನ ಆವರಣದೊಳಗೇ ಉಳಿಯುತ್ತವೆ. ಸ್ವಾತಂತ್ರ್ಯ ಬಂದ ಮೇಲೆ ದೇಶದ ಹಿರಿಯರನ್ನು ಒಂದು ಪ್ರಶ್ನೆ ಕಾಡಿತು. ಓದಿದ ಯುವಕ ಯುವತಿಯರು ಹಳ್ಳಿಯ ಜನರಿಂದ ದೂರವಾಗುತ್ತಿದ್ದಾರೆ, ಇದಕ್ಕೇನು ಮಾಡಬೇಕು? 1959ರಲ್ಲಿ ಸಿ. ಡಿ. ದೇಶಮುಖರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ವಿದ್ಯಾರ್ಥಿಗಳಿಗೆ ರಾಷ್ಟ್ರಸೇವೆಯನ್ನು ಕಡ್ಡಾಯ ಮಾಡಬೇಕೆಂದಿತು. ಆ ಬಳಿಕ ಹಲವು ದೇಶಗಳ ಪದ್ಧತಿಯನ್ನು ಅಧ್ಯಯನ ಮಾಡಿದ ಕೆ. ಜಿ. ಸೈಯಿದೈನ್ ಅವರು, ಸೇವೆ ಕಡ್ಡಾಯವಾಗಬಾರದು, ತಾವಾಗಿ ಒಪ್ಪಿ ಬಂದವರಿಂದಲೇ ನಡೆಯಬೇಕೆಂದರು. ಉಳಿದುದು ಎರಡನೆಯ ಮಾತು. ಉಳಿದುದು ಒಳ್ಳೆಯದೇ ಆಯಿತು. ಬಲವಂತದಿಂದ ಗುದ್ದಲಿ ಹಿಡಿಸಬಹುದು, ಸ್ವಂತ ಬುದ್ಧಿಯನ್ನು ಹಿಡಿಸಲಾಗುವುದಿಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವರಾದ ಡಾ. ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ಎನ್.ಎಸ್.ಎಸ್. ಎಂಬ ಮೂರಕ್ಷರಗಳಿಂದಲೇ ಈ ಯೋಜನೆ ವಿದ್ಯಾರ್ಥಿಗಳಿಗೆ ಪರಿಚಿತ. ಇದಕ್ಕೆ ಸೇರಿದವರು ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು. ಒಂದು ಹಳ್ಳಿಯಲ್ಲಿ 7 ದಿನ ತಂಗಿದ್ದು ಶಿಬಿರ ನಡೆಸಬೇಕು. ನಿಯಮಗಳು ಹೇಳುವುದು ಇಷ್ಟನ್ನೇ. ಆ ಏಳು ದಿನಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಯಮಗಳಲ್ಲಿ ಬರೆದಿಲ್ಲ.

ಸರ್ಕಾರಿ ಪ್ರಥಮದರ್ಜೆ ಕಾಲೇಜೊಂದರ ಬಿ.ಎ. ತರಗತಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳ ಮಾತು ಇಲ್ಲಿ ಹೇಳತಕ್ಕದ್ದು. ತಾಲ್ಲೂಕು ಕೇಂದ್ರದಿಂದ ಹತ್ತಾರು ಮೈಲಿ ದೂರದ ಹಳ್ಳಿಯವಳು, ಮನೆಯವರು ಒಕ್ಕಲುತನದವರು. ಕಾಲೇಜು ಸೇರಿದ ಮೊದಲ ವರ್ಷವೆಲ್ಲ ಅವಳು ತರಗತಿಯಲ್ಲಿ ಬಾಯಿ ತೆರೆದುದು ಹಾಜರಿ ಕೂಗಿದಾಗ ಮಾತ್ರ. ಕಾಲೇಜಿನ ಅರ್ಜಿಯನ್ನು ತುಂಬಿದವನು ಅಣ್ಣ. ಬಸ್ಸಿನ ಪಾಸು ಮಾಡಿಸಿದವನು ತಂದೆ. ಗೆಳತಿಯೊಬ್ಬಳು ತನ್ನ ಹೆಸರಿನ ಜೊತೆಗೆ ಇವಳ ಹೆಸರನ್ನೂ ಕೊಟ್ಟುದರಿಂದ ಅವಳು ಎನ್.ಎಸ್.ಎಸ್.ಗೆ ಸೇರಿದವಳಾದಳು. ಶಿಬಿರದ ಸುದ್ದಿ ಮನೆಗೆ ಬಂದಾಗ ತಂದೆ, “ಏಳು ರಾತ್ರಿ ಗುರುತಿಲ್ಲದ ಊರಿನಲ್ಲಿ ಮಲಗೋದು ಅಂದರೇನು? ಜೊತೆಗೆ ಯಾರಿರ್ತಾರೆ?” ಎಂದು ಕೇಳಿದ. ಅಧ್ಯಾಪಕಿಯೊಬ್ಬರು ತಾವೂ ಬರುವುದಾಗಿ ಫೋನಿನಲ್ಲಿ ಹೇಳಿದ ಮೇಲೆ ಅರೆಮನಸ್ಸಿನಿಂದ ಒಪ್ಪಿದ. ಹಾಸಿಗೆಯನ್ನು ಸುತ್ತಿ, ಹಗ್ಗ ಹಾಕಿ, ತಾಯಿ ಕಟ್ಟಿಕೊಟ್ಟಳು.

ಅದು 2017ರ ಫೆಬ್ರವರಿ. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಭಾಗದಲ್ಲಿ ಬರ ಬಿದ್ದಿತ್ತು. ಶಿಬಿರ ನಡೆದ ಹಳ್ಳಿಯಲ್ಲಿ ದೇವಸ್ಥಾನದ ಮುಂದೆ ಹಳೆಯ ಕಾಲದ ಒಂದು ಕಲ್ಯಾಣಿಯಿತ್ತು. ನಾಲ್ಕು ಕಡೆಯೂ ಕಲ್ಲಿನ ಮೆಟ್ಟಿಲು. ಆದರೆ ಮೇಲಿನ ಕೆಲವೇ ಮೆಟ್ಟಿಲುಗಳು ಕಾಣುತ್ತಿದ್ದವು. ಮಿಕ್ಕವು ಹೂಳಿನಲ್ಲಿಯೂ ಜಾಲಿಯ ಪೊದೆಗಳಲ್ಲಿಯೂ ಮುಚ್ಚಿಹೋಗಿದ್ದವು. ಅದರ ಹೂಳೆತ್ತುವುದೇ ಶಿಬಿರದ ಮುಖ್ಯ ಕೆಲಸ. ಹುಡುಗಿಯರು ಸಮುದಾಯ ಭವನದಲ್ಲಿ, ಹುಡುಗರು ದೇವಸ್ಥಾನದ ಪಡಸಾಲೆಯಲ್ಲಿ ಬೀಡುಬಿಟ್ಟರು. ಬೆಳಿಗ್ಗೆ ಐದೂವರೆಗೆ ಎದ್ದು ಊರೆಲ್ಲ ಹಾಡುತ್ತ ಒಂದು ಸುತ್ತು, ಧ್ವಜವಂದನೆ, ಬಿಸಿಲೇರುವವರೆಗೆ ಶ್ರಮದಾನ, ಮಧ್ಯಾಹ್ನ ಆರೋಗ್ಯದ ಕುರಿತೋ ಕಾನೂನಿನ ಕುರಿತೋ ಭಾಷಣ, ಸಂಜೆ ಮನೆಮನೆಯ ಸಮೀಕ್ಷೆ, ರಾತ್ರಿ ಕೋಲಾಟ, ನಾಟಕ, ಮಲಗುವ ಮೊದಲು ಆ ದಿನದ ಕೆಲಸವನ್ನು ಒರೆಹಚ್ಚುವ ಸಭೆ. ಭಾಷಣಗಳ ಹೊತ್ತಿನಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ.

ಮೊದಲನೆಯ ದಿನ 50 ಮಂದಿಯೂ ಕಲ್ಯಾಣಿಗೆ ಇಳಿದರು. ಒಬ್ಬ ಅಗೆಯುವುದು, ಒಬ್ಬಳು ಮಂಕರಿ ತುಂಬುವುದು, ತುಂಬಿದವಳೇ ಅದನ್ನು ಹೊತ್ತು ಮೆಟ್ಟಿಲೇರಿ ಹೊರಗೆ ಸುರಿದು ಮತ್ತೆ ಓಡಿಬರುವುದು. ಒಂದು ಗಂಟೆಯಲ್ಲಿ ಅಂಗೈಗಳಲ್ಲಿ ಬೊಬ್ಬೆಗಳೆದ್ದವು. ಎತ್ತಿದ ಮಣ್ಣು ಒಂದು ಗಾಡಿಯಷ್ಟೂ ಆಗಿರಲಿಲ್ಲ. ಅರಳಿಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಮುದುಕರೊಬ್ಬರು ತಡೆಯಲಾರದೆ, “ಓಡಾಡಿದ್ರೆ ಮಣ್ಣು ಮುಗಿಯಾಕಿಲ್ಲ ಕಣ್ರಪ್ಪ, ಸಾಲಾಗಿ ನಿಂತ್ಕಳಿ” ಎಂದರು. ತಳದಿಂದ ಮೇಲಿನವರೆಗೆ ಮೆಟ್ಟಿಲಿಗೊಬ್ಬರಂತೆ ಎರಡು ಸಾಲು ನಿಂತಿತು. ತುಂಬಿದ ಮಂಕರಿ ಒಂದು ಸಾಲಿನಲ್ಲಿ ಕೈಯಿಂದ ಕೈಗೆ ಏರತೊಡಗಿತು. ಬರಿದಾದುದು ಇನ್ನೊಂದು ಸಾಲಿನಲ್ಲಿ ಇಳಿಯತೊಡಗಿತು. ಈಗ ಯಾರೂ ಓಡುವಂತಿರಲಿಲ್ಲ. ಯಾರೂ ನಿಲ್ಲುವಂತೆಯೂ ಇರಲಿಲ್ಲ. ನಡುವೆ ಒಬ್ಬ ಕೈ ಬಿಟ್ಟರೆ ಸಾಲೆಲ್ಲ ನಿಲ್ಲುತ್ತಿತ್ತು. ಆ ದಿನ ಮಧ್ಯಾಹ್ನದ ಹೊತ್ತಿಗೆ ಹೊಸದಾಗಿ ಒಂದು ಮೆಟ್ಟಿಲು ಕಣ್ಣಿಗೆ ಬಿತ್ತು.

ಆ ಹುಡುಗಿಯ ಅಕ್ಷರ ದುಂಡಾಗಿದ್ದುದರಿಂದ ಉಗ್ರಾಣದ ಲೆಕ್ಕವನ್ನು ಅವಳಿಗೆ ವಹಿಸಿದರು. ಒಂದು ನೋಟುಪುಸ್ತಕ, ಒಂದು ತಕ್ಕಡಿ, ದಾರ ಕಟ್ಟಿದ ಒಂದು ಬೀಗದ ಕೈ ಅವಳ ವಶಕ್ಕೆ ಬಂದವು. ಏಳು ದಿನಕ್ಕೆಂದು ತಂದಿದ್ದ ಅಕ್ಕಿ 90 ಕಿಲೋ. ದಿನಕ್ಕೆ 12 ಕಿಲೋದಂತೆ ಖರ್ಚಾದರೂ ಕೊನೆಗೆ ಸ್ವಲ್ಪ ಮಿಗಬೇಕು. ಅವಳು ಕಲ್ಯಾಣಿಯ ಕೆಲಸಕ್ಕೂ ಹೋಗಬೇಕಾಗಿದ್ದುದರಿಂದ ಬೆಳಿಗ್ಗೆ ಬೀಗದ ಕೈಯನ್ನು ಅಡಿಗೆಯವನಿಗೆ ಕೊಟ್ಟು ಹೋಗುತ್ತಿದ್ದಳು. ರಾತ್ರಿ ಪುಸ್ತಕದಲ್ಲಿ 12 ಎಂದು ಬರೆಯುತ್ತಿದ್ದಳು. ನಾಲ್ಕನೆಯ ದಿನ ರಾತ್ರಿ ಏಕೋ ಸಂಶಯ ಬಂದು ಮೂಟೆಯನ್ನು ತೂಗಿಸಿದಳು. ಪುಸ್ತಕದ ಪ್ರಕಾರ 42 ಕಿಲೋ ಇರಬೇಕಾಗಿತ್ತು; ತಕ್ಕಡಿ ತೋರಿಸಿದ್ದು 30.

ಸಭೆಯಲ್ಲಿ ಗದ್ದಲವಾಯಿತು. ನೀರು ತಂದುಕೊಡಲು ಬರುತ್ತಿದ್ದ ಊರಿನ ಹುಡುಗನೊಬ್ಬನ ಮೇಲೆ ಕೆಲವರ ಅನುಮಾನ ಹೋಯಿತು. ಅವನ ಹೆಸರನ್ನು ಒಬ್ಬ ಎತ್ತಿಯೂ ಬಿಟ್ಟ. ಅದುವರೆಗೆ ಆ ಸಭೆಗಳಲ್ಲಿ ಒಂದು ಮಾತನ್ನೂ ಆಡದೆ ಮೂಲೆಯಲ್ಲಿ ಕುಳಿತಿರುತ್ತಿದ್ದ ಹುಡುಗಿ ಎದ್ದುನಿಂತಳು. “ಲೆಕ್ಕ ನನ್ನದು. ನಾಳೆ ಸಂಜೆಯವರೆಗೆ ಯಾರೂ ಯಾರ ಹೆಸರನ್ನೂ ಹೇಳಬೇಡಿ” ಎಂದಳು. ದನಿ ನಡುಗುತ್ತಿತ್ತು. ಆದರೂ ಸಭೆ ಸುಮ್ಮನಾಯಿತು. ಒಬ್ಬ ಬಡಹುಡುಗನ ಹೆಸರು ಅಂದಿನ ರಾತ್ರಿ ಊರಿನ ಬಾಯಿಗೆ ಬೀಳದೆ ಉಳಿಯಿತು. ಪರೀಕ್ಷೆಯಲ್ಲಿ ಬಂದ ಯಾವ ಅಂಕಕ್ಕಿಂತಲೂ ಅದು ದೊಡ್ಡದು.

ಮರುದಿನ ಅವಳು ಬೀಗದ ಕೈಯನ್ನು ತನ್ನ ಬಳಿಯಲ್ಲೇ ಇರಿಸಿಕೊಂಡು ಅಡಿಗೆಯ ಮನೆಯಲ್ಲಿ ನಿಂತಳು. ಅಡಿಗೆಯವನು ಎಂದಿಗಿಂತ ಮೂರು ಕಿಲೋ ಹೆಚ್ಚು ಅಕ್ಕಿ ಕೇಳಿದ, ಏಕೆಂದು ಹೇಳಲಿಲ್ಲ. ಅವಳು ಅಳೆದುಕೊಟ್ಟು ಕಾದಳು. ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಕಡೆಯಿಂದ ಒಬ್ಬೊಬ್ಬರಾಗಿ ಮಕ್ಕಳು ಬಂದರು. ಲಂಗದ ಮಡಿಲಲ್ಲಿ, ಅಂಗಿಯ ಒಳಗೆ ತಟ್ಟೆಗಳನ್ನು ಬಚ್ಚಿಟ್ಟುಕೊಂಡಿದ್ದರು. ಎಣಿಸಿದರೆ ಮೂವತ್ತರ ಹತ್ತಿರ. ಅಡಿಗೆಯವನು ತಲೆ ತಗ್ಗಿಸಿ, “ತಟ್ಟೆ ಹಿಡಿದು ನಿಂತ ಮಗೀಗೆ ಇಲ್ಲ ಅನ್ನೋ ಬಾಯಿ ನಂಗಿಲ್ಲ ತಾಯಿ” ಎಂದ.

ಅವಳು ಯೋಜನಾಧಿಕಾರಿಗಳಾಗಿದ್ದ ಅಧ್ಯಾಪಕರ ಬಳಿಗೆ ಹೋದಳು. ಅವರು ಏನಾದರೂ ಹೇಳುವರು, ಹೇಳಿದಂತೆ ಮಾಡಿದರಾಯಿತು ಎಂಬ ಭರವಸೆ ಅವಳಿಗಿತ್ತು. ಅವರು ಎಲ್ಲವನ್ನೂ ಕೇಳಿ, “ಉಗ್ರಾಣ ನಿನ್ನ ವಶದಲ್ಲಿದೆಯಮ್ಮ. ಏನು ಮಾಡಬಹುದು ಎನ್ನುವುದನ್ನು ನೀನೇ ಯೋಚಿಸಿ ರಾತ್ರಿ ಸಭೆಯಲ್ಲಿ ಹೇಳು” ಎಂದುಬಿಟ್ಟರು. ಕೇಳಿದ ತಕ್ಷಣ ಉತ್ತರ ಹೇಳಿಕೊಡುವ ಅಧ್ಯಾಪಕರು ಅನೇಕರಿದ್ದಾರೆ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬಲ್ಲವರು ಕಡಿಮೆ. ಆ ಹುಡುಗಿಗೆ ಆಗ ಅವರ ಮೇಲೆ ಸಿಟ್ಟೇ ಬಂದಿರಬೇಕು.

ಅಂದಿಗೆ ಉಳಿದ ಅಕ್ಕಿ 15 ಕಿಲೋ. ಮಕ್ಕಳನ್ನೂ ಸೇರಿಸಿಕೊಂಡರೆ ಒಂದು ದಿನಕ್ಕೆ ಸರಿ. ಇನ್ನೊಂದು ದಿನಕ್ಕೆ ಕಾಳೂ ಇಲ್ಲ. ಸಭೆಯಲ್ಲಿ ಒಬ್ಬರು, ಮಕ್ಕಳಿಗೆ ಬರಬೇಡಿರೆಂದು ಹೇಳೋಣವೆಂದರು. ಇನ್ನೊಬ್ಬರು, ತಾವೇ ಒಂದು ಹೊತ್ತು ಉಪವಾಸವಿರೋಣವೆಂದರು. ಬಿಸಿಲಿನಲ್ಲಿ ಮಣ್ಣು ಹೊರುವವರಿಗೆ ಆ ಮಾತು ರುಚಿಸಲಿಲ್ಲ. ಹುಡುಗಿ, ಊರಿನವರನ್ನೇ ಕೇಳೋಣವೆಂದಳು. ಆಗ ಹುಡುಗನೊಬ್ಬ, “ನಾವು ಸೇವೆ ಮಾಡುವುದಕ್ಕೆ ಬಂದವರು, ಬೇಡುವುದಕ್ಕೆ ಬಂದವರಲ್ಲ” ಎಂದ. ಅವಳು, “ನಾವು ಹೂಳೆತ್ತುತ್ತಿರುವುದು ಅವರ ಕಲ್ಯಾಣಿ. ಉಣ್ಣುತ್ತಿರುವವರು ಅವರ ಮಕ್ಕಳು. ಇದನ್ನು ಅವರಿಗೆ ತಿಳಿಸುವುದರಲ್ಲಿ ಬೇಡುವುದು ಏನು ಬಂತು?” ಎಂದಳು. ಎದುರು ಮಾತು ಬರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಅವಳೂ ಗೆಳತಿಯರಿಬ್ಬರೂ ಚೀಲ ಹಿಡಿದು ಹೊರಟರು. ಮೊದಲನೆಯ ಮನೆಯ ಬಾಗಿಲಲ್ಲಿ ನಾಲಗೆ ಒಣಗಿತು. ಒಳಗಿನಿಂದ ಬಂದ ಮುದುಕಿ, “ಯಾವೂರವ್ವಾ ನಿಂದು? ಯಾರ ಮಗಳು?” ಎಂದು ಕೇಳಿದಳು. ಇಂಥ ಪ್ರಶ್ನೆಗೆ ಅವಳು ಹುಟ್ಟಿದಾಗಿನಿಂದ ಕೊಟ್ಟ ಉತ್ತರವೆಂದರೆ ತಂದೆಯ ಹೆಸರು. ಆದರೆ ಈ ಊರಿನಲ್ಲಿ ಆ ಹೆಸರನ್ನು ಬಲ್ಲವರು ಯಾರಿದ್ದಾರೆ? ಅವಳು ತನ್ನ ಹೆಸರನ್ನು ಹೇಳಿದಳು, ಕಾಲೇಜನ್ನು ಹೇಳಿದಳು, ಬಂದ ಕಾರಣವನ್ನು ಹೇಳಿದಳು. “ಅಯ್ಯೋ, ನಮ್ಮ ಹೈಕಳು ಅಲ್ಲಿಗೆ ಬಂದು ಉಣ್ತಾವಾ?” ಎಂದು ಮುದುಕಿ ಬೆರಗಾಗಿ ಒಳಗೆ ಹೋದವಳು ಮೊರದ ತುಂಬ ರಾಗಿ ತಂದು ಸುರಿದಳು. ಅದು ಬರಗಾಲದ ರಾಗಿಯೆಂಬುದನ್ನು ಮರೆಯಬಾರದು. ಒಂದು ಮನೆಯಲ್ಲಿ ಹುರುಳಿ, ಒಂದರಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ಅಟ್ಟದಿಂದಿಳಿಸಿದ ಕುಂಬಳಕಾಯಿ. ನಾಲ್ಕು ಪಾವು ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆಯೇ ಓಡಿಬಂದ ಹೆಂಗಸೊಬ್ಬಳು, ತನ್ನ ಮಗನೂ ಬರುತ್ತಿರುವನೆಂದು ನಾಚಿಕೊಂಡು ಹೇಳಿದಳು. ಎಲ್ಲರೂ ಹೀಗೆಯೇ ಇದ್ದರೆಂದಲ್ಲ. ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಗೃಹಸ್ಥ, ಓದುವ ಹುಡುಗಿಯರು ಹೀಗೆ ಮನೆಮನೆ ತಿರುಗುವುದು ಎಲ್ಲಿಯ ಪದ್ಧತಿಯೆಂದು ಒರಟಾಗಿ ಕೇಳಿದ. ಅವಳ ಕಣ್ಣಲ್ಲಿ ನೀರು ತುಂಬಿತು. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದಿನ ಮನೆಯ ಬಾಗಿಲನ್ನು ತಟ್ಟಿದಳು.

ಅಂದಿನ ರಾತ್ರಿ ಮಕ್ಕಳು ಹಿತ್ತಿಲಿನಿಂದ ಬರಲಿಲ್ಲ. ಮುಂದಿನ ಬಾಗಿಲಿನಿಂದಲೇ ಬಂದು, ತಟ್ಟೆಗಳನ್ನು ಎದುರಿಗಿಟ್ಟುಕೊಂಡು, ಶಿಬಿರಾರ್ಥಿಗಳ ಪಂಕ್ತಿಯಲ್ಲಿ ಕುಳಿತರು. ನೀರು ತರುವ ಹುಡುಗನೂ ಅವರಲ್ಲೊಬ್ಬನಾಗಿದ್ದ. ಮುದ್ದೆಗೆ ಹುರುಳಿಯ ಸಾರು. ಏಳನೆಯ ದಿನ ಊರಿನ ಹತ್ತಾರು ಮಂದಿ ಗಂಡಸರು ತಾವೇ ಗುದ್ದಲಿ ತಂದು ಕಲ್ಯಾಣಿಗೆ ಇಳಿದರು. ಹೂಳು ಪೂರ್ತಿ ಮುಗಿಯಲಿಲ್ಲ. ನೀರು ಬರಲು ಮಳೆಯೇ ಬರಬೇಕಾಗಿತ್ತು. ಸಮಾರೋಪದ ಸಭೆಯಲ್ಲಿ ಅವಳು ಲೆಕ್ಕವನ್ನು ಓದಿದಳು. ತಪ್ಪಾಗಿ ಬರೆದಿದ್ದ 12ಗಳನ್ನು ಹೊಡೆದುಹಾಕಿ ಪಕ್ಕದಲ್ಲಿ 15 ಎಂದು ಬರೆದಿದ್ದಳು, ಹೊಡೆದುಹಾಕಿದ್ದನ್ನೂ ಓದಿದಳು. ಹೊರಡುವಾಗ ತನ್ನ ಹಾಸಿಗೆಯನ್ನು ಸುತ್ತಿ, ಹಗ್ಗ ಹಾಕಿ, ಬಿಗಿದಳು.

ಶಿಬಿರಗಳೆಲ್ಲ ಹೀಗೆಯೇ ನಡೆಯುವುವೆಂದು ಹೇಳಲಾಗದು. ಪೊರಕೆ ಹಿಡಿದು ಚಿತ್ರ ತೆಗೆಸಿಕೊಂಡು, ಪೊರಕೆಯನ್ನು ಅಲ್ಲಿಯೇ ಬಿಟ್ಟು ಬರುವವರಿದ್ದಾರೆ. ಪ್ರಮಾಣಪತ್ರದ ಆಸೆಯಿಂದಲೇ ಹತ್ತು ಸಂಘಗಳಿಗೆ ಹೆಸರು ಕೊಟ್ಟು ಒಂದರಲ್ಲೂ ಬೆವರದವರಿದ್ದಾರೆ. ಸಂಘ, ಸಭೆ, ಉತ್ಸವಗಳ ಭರಾಟೆಯಲ್ಲಿ ಪುಸ್ತಕ ತೆರೆಯಲು ಮರೆತು ಪರೀಕ್ಷೆಯಲ್ಲಿ ಬಿದ್ದವರೂ ಉಂಟು. ಅವರ ತಂದೆತಾಯಿಗಳ ಸಿಟ್ಟು ನ್ಯಾಯವಾದದ್ದೇ. ಹಾಗೆಂದು ಓದೊಂದೇ ಸಾಕೆನ್ನುವವರೂ ಒಂದು ಸಂಗತಿಯನ್ನು ನೆನೆಯಬೇಕು. ಮತದಾನದ ವಯಸ್ಸು ಈ ದೇಶದಲ್ಲಿ ಮೊದಲು 21 ಆಗಿತ್ತು. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು. ಕಾಲೇಜಿನ ಮೊದಲನೆಯ ವರ್ಷದಲ್ಲಿಯೇ ದೇಶವು ವಿದ್ಯಾರ್ಥಿಯ ಅಭಿಪ್ರಾಯವನ್ನು ಕೇಳುತ್ತದೆ. ತನ್ನ ತರಗತಿಯ ಸಭೆಯಲ್ಲಿ ಎದ್ದುನಿಂತು ಒಂದು ಅಭಿಪ್ರಾಯ ಹೇಳಿ ರೂಢಿಯಿಲ್ಲದವರು ಅಲ್ಲಿ ಏನು ಹೇಳಿಯಾರು?

ಊರಿಗೆ ಮರಳಿದ ಹುಡುಗಿಯಲ್ಲಿ ಒಮ್ಮೆಲೇ ಎದ್ದುಕಾಣುವ ಬದಲಾವಣೆ ಏನೂ ಇರಲಿಲ್ಲ. ಎರಡು ತಿಂಗಳ ತರುವಾಯ ವಿದ್ಯಾರ್ಥಿವೇತನದ ಅರ್ಜಿಗೆ ಆದಾಯದ ಪ್ರಮಾಣಪತ್ರ ಬೇಕಾಯಿತು. ಹಿಂದೆಲ್ಲ ಅಂಥ ಕೆಲಸಕ್ಕೆ ತಂದೆ ಒಂದು ದಿನದ ಬೇಸಾಯ ಬಿಟ್ಟು ನಾಡಕಚೇರಿಗೆ ಹೋಗುತ್ತಿದ್ದ. ಈ ಸಲ ಅವಳು, “ಅಪ್ಪಾ, ನೀನು ಬರಬೇಡ, ನಾನೇ ಹೋಗ್ತೀನಿ” ಎಂದಳು. ಕಚೇರಿಯಲ್ಲಿ ಎರಡು ಸಲ ತಿರುಗಿಸಿದರು. ಮೂರನೆಯ ಸಲ ಹೋಗಿ, ಯಾವ ಕಾಗದ ಕಡಿಮೆಯಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಕೆಲಸ ಮುಗಿಸಿಕೊಂಡು ಬಂದಳು. ತಂದೆಗೆ ಇದು ಮೊದಮೊದಲು ಹಿಡಿಸಲಿಲ್ಲ. ಮಗಳು ತನ್ನನ್ನು ಬಿಟ್ಟು ನಡೆಯುತ್ತಿರುವಳೆಂಬ ಕಸಿವಿಸಿ. ಮಕ್ಕಳು ಕೈಬಿಡಿಸಿಕೊಂಡು ನಡೆಯತೊಡಗಿದಾಗ ಸಂತೋಷ ಪಡುವ ತಂದೆತಾಯಿಗಳಿಗೆ ಆ ಬರಿಗೈಯ ಅರಿವೂ ಆಗದೆ ಇರುವುದಿಲ್ಲ. ಇದನ್ನು ಮಕ್ಕಳು ತಿಳಿಯುವುದು ತಡವಾಗಿ. ಆ ವರ್ಷದ ಮಳೆಗಾಲದಲ್ಲಿ ಸಹಕಾರ ಸಂಘದಿಂದ ಸಾಲದ ಬಾಬ್ತು ಒಂದು ನೋಟೀಸು ಬಂತು. ತಂದೆ ಅದನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಮೂರನೆಯ ದಿನ ರಾತ್ರಿ ಊಟವಾದ ಮೇಲೆ ಮಗಳ ಮುಂದಿಟ್ಟು, “ಇದಕ್ಕೇನು ಮಾಡೋಣ ಮಗಾ?” ಎಂದು ಕೇಳಿದ. ಇಬ್ಬರೂ ದೀಪದ ಬಳಿ ಕುಳಿತು ಬಹಳ ಹೊತ್ತು ಲೆಕ್ಕ ಹಾಕಿದರು.

ಮರುವರ್ಷ ಶಿಬಿರ ಇನ್ನೊಂದು ಹಳ್ಳಿಯಲ್ಲಿ. ಅವಳೀಗ ಕೊನೆಯ ವರ್ಷದ ವಿದ್ಯಾರ್ಥಿನಿ. ತಂಡಗಳನ್ನು ಹಂಚುವ ಕೆಲಸ ಅವಳದಾಗಿತ್ತು. ಉಗ್ರಾಣಕ್ಕೆ ಅವಳು ಆರಿಸಿದ್ದು, ಹಾಜರಿ ಕೂಗಿದಾಗ ಮಾತ್ರ ಬಾಯಿ ತೆರೆಯುತ್ತಿದ್ದ ಮೊದಲ ವರ್ಷದ ಒಬ್ಬ ಹುಡುಗನನ್ನು. ಅವನು ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದುಕೊಂಡು, “ಅಕ್ಕಾ, ಲೆಕ್ಕ ತಪ್ಪಿದರೆ?” ಎಂದ. ಅವಳು ಉತ್ತರ ಹೇಳಲಿಲ್ಲ. ತಕ್ಕಡಿಯನ್ನು ಅವನ ಕಡೆಗೆ ಸರಿಸಿ, ಮೊದಲನೆಯ ಮೂಟೆಯ ಬಾಯಿ ಬಿಚ್ಚಿದಳು.